ಮುದತ ಎಂಬ ಮೂರಕ್ಷರ

ನಮ್ಮ ಸೋದರಮಾವನವರು ಬೆಳಗಾವಿಯಿಂದ ಪುಣೆಗೆ ಬಂದು ನಮ್ಮಲ್ಲಿ ಎರಡು ತಿಂಗಳು ಇದ್ದರು. ಬಂದ ಮೂರನೆಯ ದಿನವೇ ಅವರಿಗೊಂದು ಸಂಶಯ ಹುಟ್ಟಿತು. ರಾತ್ರಿ ಊಟ ಮುಗಿಸಿ ಮೂಲೆಯ ಮೇಜಿನ ಮುಂದೆ ಕುಳಿತ ನಾವು ಹನ್ನೆರಡು ಹೊಡೆದರೂ ಏಳುವ ಲಕ್ಷಣವಿರಲಿಲ್ಲ. ಮಾವನವರು ನೀರು ಕುಡಿಯಲೆಂದು ಎರಡು ಸಲ ಎದ್ದು ಬಂದರು. ಮೂರನೆಯ ಸಲ ನೀರಿನ ನೆವವನ್ನೂ ಬಿಟ್ಟು ಕುರ್ಚಿಯನ್ನೇ ಎಳೆದುಕೊಂಡು ಕುಳಿತರು.

“ಇಷ್ಟೊತ್ತಿನ್ಯಾಗ ಏನ್ ಮಾಡಾಕತ್ತೀಯೋ ತಮ್ಮಾ?”

“ಭಾಷಾಂತರ, ಮಾಮಾ.”

“ಯಾವ ಭಾಷಾದಿಂದ ಯಾವ ಭಾಷಾಕ್ಕ?”

“ಸಿ ಶಾರ್ಪ್‌ನಿಂದ ಜಾವಾಕ್ಕ.”

“ಎರಡೂ ಕೇಳಿಲ್ಲ ಬಿಡು. ಕಥಿಯೋ, ಪುರಾಣವೋ?”

“ಷರತ್ತು, ಮಾಮಾ. ಬರೇ ಷರತ್ತು.”

ಷರತ್ತು ಎಂದದ್ದೇ ತಡ, ಮಾವನವರ ನಿದ್ದೆ ಹಾರಿಹೋಯಿತು. ಕಾರಣವಿಷ್ಟೆ: ಅವರು ನಲವತ್ತು ವರ್ಷ ಬೆಳಗಾವಿಯಲ್ಲಿ ದಸ್ತಾವೇಜು ಬರೆದವರು. ಜನ ‘ಬಾಂಡ್ ರೈಟರ್’ ಎಂದು ಕರೆಯುವ ಕಸುಬು. 1956ರಲ್ಲಿ ಬೆಳಗಾವಿ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಷ್ಟೆ. ಆದರೆ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದಗಳು ಮರಾಠಿಯಲ್ಲಿಯೇ ಉಳಿದವು. ಅವನ್ನು ಕನ್ನಡಕ್ಕೆ ತಿರುಗಿಸಿಕೊಡುವುದು ಮಾವನವರ ಹೊಟ್ಟೆಪಾಡಿನ ಒಂದು ಭಾಗವಾಗಿತ್ತು. ಸೋದರಳಿಯನೂ ಕೊನೆಗೆ ತಮ್ಮ ದಾರಿಗೇ ಬಂದನೆಂದು ಅವರಿಗೆ ಸಂತೋಷವಾಗಿರಬೇಕು. “ಹೇಳು, ಕೇಳೂಣು” ಎಂದರು.

ಕಂಪ್ಯೂಟರಿನ ಕಾರ್ಯಕ್ರಮ ಬರೆಯುವುದು ನಮ್ಮ ಉದ್ಯೋಗ. ವಾಚಕರು ಗಾಬರಿಯಾಗಬಾರದು, ಇದರಲ್ಲಿ ಗಣಿತವಿಲ್ಲ. ಮಾವನವರಿಗೆ ನಾವು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ.

ದಸ್ತಾವೇಜಿನ ಅಂಗಡಿಯಲ್ಲಿ ಛಾಪಾ ಹಾಕಿದ ಫಾರ್ಮುಗಳಿರುತ್ತವೆ. ಒಕ್ಕಣೆಯೆಲ್ಲ ಮೊದಲೇ ಅಚ್ಚಾಗಿರುತ್ತದೆ. ಹೆಸರಿನ ಜಾಗ ಮಾತ್ರ ಖಾಲಿ. ಬಂದವರ ಹೆಸರು ತುಂಬಿದರೆ ಪತ್ರ ಸಿದ್ಧ. ನಮ್ಮ ಕಸುಬಿನಲ್ಲಿಯೂ ಇಂಥ ಫಾರ್ಮುಗಳಿವೆ. ಅವಕ್ಕೆ ‘ಜೆನೆರಿಕ್ಸ್’ ಎನ್ನುತ್ತೇವೆ. ಒಂದು ಕೆಲಸದ ವಿಧಾನವನ್ನು ಒಂದೇ ಸಲ ಬರೆದು, ಅದು ಯಾವ ಬಗೆಯ ವಸ್ತುವಿನ ಮೇಲೆ ನಡೆಯಬೇಕೋ ಆ ಜಾಗವನ್ನು ಖಾಲಿ ಬಿಟ್ಟು, ಅಲ್ಲಿ ‘ಟಿ’ ಎಂದು ಗುರುತು ಹಾಕುತ್ತೇವೆ. ಆಮೇಲೆ ಬಳಸುವವನು ಆ ‘ಟಿ’ಯ ಜಾಗದಲ್ಲಿ ತನಗೆ ಬೇಕಾದ ಬಗೆಯನ್ನು ತುಂಬಿಕೊಳ್ಳುತ್ತಾನೆ.

“ಖಾಲಿ ಜಾಗಾದಾಗ ಯಾರ ಹೆಸರರ ಬರೀಬಹುದೇನು?” ಎಂದರು ಮಾವನವರು. “ಹದಿನೆಂಟು ತುಂಬಲಾರದ ಹುಡುಗನ್ನ ತಂದು ಬರದ್ರ?”

ಪ್ರಶ್ನೆ ಸರಿಯಾದ ಜಾಗಕ್ಕೇ ಬಂದಿತ್ತು. ಖಾಲಿ ಜಾಗದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿರುತ್ತದೆ: ‘ಇಲ್ಲಿ ಹೆಸರು ಹಾಕುವವರು ಇಂಥಿಂಥವರಾಗಿರತಕ್ಕದ್ದು.’ ಅದೇ ಷರತ್ತು. ಎರಡನ್ನು ಹೋಲಿಸಿ ದೊಡ್ಡದಾವುದು ಎಂದು ಹೇಳುವ ಫಾರ್ಮಾದರೆ, ‘ಟಿ’ಯ ಜಾಗಕ್ಕೆ ಬರುವ ವಸ್ತುವಿಗೆ ಹೋಲಿಸಿಕೊಳ್ಳಲು ಬರಬೇಕು. ಷರತ್ತು ಪಾಲಿಸಿದೆಯೋ ಇಲ್ಲವೋ ಎಂದು ನೋಡುವ ಅಧಿಕಾರಿಗೆ ಕಂಪೈಲರ್ ಎಂದು ಹೆಸರು. ಅವನು ನಮ್ಮ ಸಬ್ ರಿಜಿಸ್ಟ್ರಾರ್. ಕಾಗದ ಸರಿಯಿಲ್ಲದಿದ್ದರೆ ಕಾರ್ಯಕ್ರಮ ಓಡುವುದಕ್ಕೆ ಮೊದಲೇ ಹಿಂದಕ್ಕೆ ಎಸೆಯುತ್ತಾನೆ. ಆಗ ಬೇಸರವೆನಿಸುತ್ತದೆ; ಆದರೆ ಅದರಂಥ ಉಪಕಾರ ಮತ್ತೊಂದಿಲ್ಲ. ತಪ್ಪು ಕಟ್ಟೆಯ ಮೇಲೆಯೇ ಸಿಕ್ಕಿತು, ಕೋರ್ಟಿಗೆ ಹೋಗಲಿಲ್ಲ.

ಹೀಗೆ ಷರತ್ತು ಬರೆಯುವ ಪದ್ಧತಿ ಹೊಸದಲ್ಲ. ಅಮೆರಿಕೆಯ ಎಂ.ಐ.ಟಿ.ಯಲ್ಲಿ ಬಾರ್ಬರಾ ಲಿಸ್ಕೊವ್ ಅವರೂ ಅವರ ಶಿಷ್ಯರೂ 1970ರ ದಶಕದಲ್ಲಿ ಮಾಡಿದ ‘ಕ್ಲೂ’ ಎಂಬ ಭಾಷೆಯಲ್ಲಿಯೇ ‘ವೇರ್’ ಎಂಬ ಮಾತಿನಿಂದ ಷರತ್ತು ಹೇಳುತ್ತಿದ್ದರು. ಜಾವಾ ಭಾಷೆಗೆ ಖಾಲಿ ಜಾಗದ ಫಾರ್ಮುಗಳು ಬಂದದ್ದು 2004ರಲ್ಲಿ. ಸಿ ಶಾರ್ಪ್‌ಗೆ 2005ರಲ್ಲಿ. ಒಂದೇ ವರ್ಷದ ಅಂತರ. ಎರಡೂ ಭಾಷೆಗಳು ನೋಡುವುದಕ್ಕೆ ಅಕ್ಕತಂಗಿಯರಂತಿವೆ. ಸಿ ಶಾರ್ಪ್ ‘ವೇರ್’ ಎನ್ನುವಲ್ಲಿ ಜಾವಾ ‘ಎಕ್ಸ್‌ಟೆಂಡ್ಸ್’ ಎನ್ನುತ್ತದೆ, ಅಷ್ಟೆ. ಹಾಗೆಂದು ನಂಬಿಯೇ ನಾವು ಕೆಟ್ಟೆವು.

ನಮ್ಮ ಕಚೇರಿಗೆ ಒಂದು ಪಿಂಚಣಿ ನಿಧಿಯ ಲೆಕ್ಕದ ಕೆಲಸ ಬಂದಿತ್ತು. ಹಳೆಯ ಕಾರ್ಯಕ್ರಮ ಸಿ ಶಾರ್ಪ್‌ನಲ್ಲಿತ್ತು. ಅವರಿಗೆ ಜಾವಾದಲ್ಲಿ ಬೇಕಾಗಿತ್ತು. ಅದರಲ್ಲಿ ಒಂದು ಫಾರ್ಮಿನ ಕೆಲಸ ಕಡತದ ಸಾಲುಗಳನ್ನು ಓದಿ, ಪ್ರತಿ ಸಾಲಿಗೊಂದು ಹೊಸ ದಾಖಲೆ ಹುಟ್ಟಿಸುವುದು. ಅದಕ್ಕೆ ಎರಡು ಷರತ್ತು. ಒಂದು, ‘ಟಿ’ ಎಂಬುದು ದಾಖಲೆಯ ಕುಲಕ್ಕೆ ಸೇರಿರಬೇಕು. ಎರಡು, ‘ನ್ಯೂ’ ಎಂಬ ಮೂರಕ್ಷರದ ಇಂಗ್ಲಿಷ್ ಮಾತು. ಅದರ ಮುಂದೆ ಒಂದು ಖಾಲಿ ಕಂಸ. ‘ಏನನ್ನೂ ಕೇಳದೆ, ಬರಿಗೈಯಲ್ಲಿ, ಹೊಸದೊಂದನ್ನು ಹುಟ್ಟಿಸಲು ಬರುವಂತಿರಬೇಕು’ ಎಂದು ಅದರ ಅರ್ಥ.

ಮೊದಲನೆಯ ಷರತ್ತಿಗೆ ಜಾವಾದಲ್ಲಿ ಮಾತಿತ್ತು, ಬರೆದೆವು. ಎರಡನೆಯದಕ್ಕೆ ಇರಲಿಲ್ಲ. ಜಾವಾದಲ್ಲಿ ‘ನ್ಯೂ’ ಷರತ್ತೇ ಇಲ್ಲ. ಖಾಲಿ ಜಾಗದ ‘ಟಿ’ಯನ್ನು ಹೊಸದಾಗಿ ಹುಟ್ಟಿಸಲು ಅಲ್ಲಿ ಬರುವುದೂ ಇಲ್ಲ.

ಇದು ಜಾವಾ ಕಟ್ಟಿದವರ ಅಲಕ್ಷ್ಯವೆಂದು ಯಾರೂ ತಿಳಿಯಬಾರದು. 1998ರಲ್ಲಿ ಬ್ರಾಕಾ, ಒಡೆರ್ಸ್ಕಿ, ಸ್ಟೌಟಮೈರ್, ವಾಡ್ಲರ್ ಎಂಬ ನಾಲ್ವರು ಜಾವಾಕ್ಕೆ ಈ ಫಾರ್ಮುಗಳನ್ನು ಹೇಗೆ ಸೇರಿಸಬಹುದೆಂದು ತೋರಿಸಿದಾಗ, ಅವರ ಮುಂದೆ ಒಂದು ಧರ್ಮಸಂಕಟವಿತ್ತು. ಅದಾಗಲೇ ಜಾವಾದಲ್ಲಿ ಬರೆದ ಕಾರ್ಯಕ್ರಮಗಳು ಜಗತ್ತಿನ ತುಂಬ ಓಡುತ್ತಿದ್ದವು; ಅವು ಯಾವುವೂ ನಿಲ್ಲಬಾರದು. ಅದಕ್ಕೆ ಅವರು ಹಿಡಿದ ಉಪಾಯವೆಂದರೆ ಅಳಿಸುವುದು. ಕಂಪೈಲರ್ ಷರತ್ತನ್ನೆಲ್ಲ ಪರೀಕ್ಷಿಸುತ್ತಾನೆ. ಪರೀಕ್ಷೆ ಮುಗಿದ ಮೇಲೆ ತುಂಬಿದ ಹೆಸರನ್ನು ಅಳಿಸಿ, ಅದರ ಜಾಗದಲ್ಲಿ ಷರತ್ತಿನ ಮೊದಲ ಕುಲನಾಮವನ್ನಷ್ಟೇ ಉಳಿಸುತ್ತಾನೆ. ಕಾರ್ಯಕ್ರಮ ಓಡುವ ಹೊತ್ತಿಗೆ ಆ ಫಾರ್ಮಿಗೆ ತನ್ನಲ್ಲಿ ಯಾರ ಹೆಸರಿತ್ತೆಂಬುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಹೊಸದಾಗಿ ಹುಟ್ಟಿಸುವುದು ಹೇಗೆ? ಅತ್ತ ಸಿ ಶಾರ್ಪ್‌ನ ಪಕ್ಷದಲ್ಲಿ, ಕೇಂಬ್ರಿಜಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಆಂಡ್ರ್ಯೂ ಕೆನೆಡಿ ಮತ್ತು ಡಾನ್ ಸೈಮ್ ಅವರು ಕಾರ್ಯಕ್ರಮ ಓಡಿಸುವ ಯಂತ್ರವನ್ನೇ ತಿದ್ದುವ ದಾರಿ ಹಿಡಿದರು. ಅಲ್ಲಿ ಹೆಸರು ಕೊನೆಯವರೆಗೂ ಉಳಿಯುತ್ತದೆ. ಒಬ್ಬರು ಹಿರಿಯರನ್ನು ಉಳಿಸಿದರು, ಇನ್ನೊಬ್ಬರು ಹೆಸರನ್ನು ಉಳಿಸಿದರು. ಎರಡೂ ದೊಡ್ಡ ಕೆಲಸವೇ.

ನಾವು ಮಾಡಿದ್ದು ಮಾತ್ರ ಸಣ್ಣ ಕೆಲಸ. ಷರತ್ತನ್ನು ಕೈಬಿಟ್ಟು, ಓಡುವ ಸಮಯದಲ್ಲಿ ‘ನಿನ್ನಲ್ಲಿ ಬರಿಗೈ ದಾರಿ ಇದೆಯೇ?’ ಎಂದು ಹುಡುಕಿ ಕೇಳುವ ಒಂದು ಒಳದಾರಿ ಮಾಡಿದೆವು. ಜಾವಾದಲ್ಲಿ ಅದಕ್ಕೆ ಅವಕಾಶವಿದೆ. ಸಬ್ ರಿಜಿಸ್ಟ್ರಾರ್ ತಕರಾರು ತೆಗೆಯಲಿಲ್ಲ. ಆಗಿದ್ದ ನಾಲ್ಕು ಬಗೆಯ ದಾಖಲೆಗಳೂ ಬರಿಗೈಯಲ್ಲಿ ಹುಟ್ಟುವಂಥವೇ ಆದ್ದರಿಂದ ಪರೀಕ್ಷೆಗಳೆಲ್ಲ ಪಾಸಾದವು. ನಾವು ಬೆನ್ನು ತಟ್ಟಿಕೊಂಡೆವು.

ಆರು ತಿಂಗಳ ಮೇಲೆ ಹೊಸದಾಗಿ ಸೇರಿದ ಒಬ್ಬ ಹುಡುಗ ಐದನೆಯ ಬಗೆಯನ್ನು ಸೇರಿಸಿದ: ಕುಟುಂಬ ಪಿಂಚಣಿ. ಪಿಂಚಣಿದಾರರು ತೀರಿಕೊಂಡ ಮೇಲೆ ಮನೆಯವರಿಗೆ ಬರುವ ಹಣ. ಆ ದಾಖಲೆ ಹುಟ್ಟಬೇಕಾದರೆ ತೀರಿಕೊಂಡವರ ಪಿಂಚಣಿ ಸಂಖ್ಯೆ ಕೊಟ್ಟೇ ತೀರಬೇಕೆಂದು ಅವನು ಬರೆದ. ನ್ಯಾಯವಾದದ್ದೇ, ಆ ಸಂಖ್ಯೆಯಿಲ್ಲದ ದಾಖಲೆಗೆ ಅರ್ಥವಿಲ್ಲ. ಹಳೆಯ ಸಿ ಶಾರ್ಪ್ ಆಗಿದ್ದರೆ ‘ಇದು ಬರಿಗೈಯಲ್ಲಿ ಹುಟ್ಟುವುದಿಲ್ಲ, ಈ ಫಾರ್ಮಿಗೆ ನಡೆಯದು’ ಎಂದು ಕಂಪೈಲರ್ ಅಲ್ಲಿಯೇ ತಡೆಯುತ್ತಿದ್ದ. ನಮ್ಮ ಜಾವಾದಲ್ಲಿ ತಡೆಯುವವರು ಯಾರೂ ಇರಲಿಲ್ಲ. ತಿಂಗಳ ಕೊನೆಯ ರಾತ್ರಿ ಲೆಕ್ಕ ಓಡಿತು. ಆ ಬಗೆಯ ಮೊದಲ ಸಾಲಿಗೆ ಬಂದು ನಿಂತಿತು. ಬೆಳಿಗ್ಗೆ ಹೋಗಬೇಕಾದ ಪಟ್ಟಿ ಮಧ್ಯಾಹ್ನ ಹೋಯಿತು. ಆ ಪಟ್ಟಿಯಲ್ಲಿದ್ದವರು ಹೆಚ್ಚಾಗಿ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು. ನಮಗೆ ಅರ್ಧ ದಿನ. ಬ್ಯಾಂಕಿನ ಬಾಗಿಲಲ್ಲಿ ನಿಂತವರಿಗೆ ಅದು ಅರ್ಧ ದಿನವಲ್ಲ.

ಮರುದಿನದ ಸಭೆಯಲ್ಲಿ ‘ಹೊಸ ಬಗೆಯನ್ನು ಸೇರಿಸಿದವರು ಯಾರು?’ ಎಂಬ ಪ್ರಶ್ನೆ ಬಂತು. ಹುಡುಗ ಎದ್ದು ನಿಂತು ತಪ್ಪಾಯಿತೆಂದ. ನಾವು ತಲೆ ತಗ್ಗಿಸಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು. ಆ ಟಿಪ್ಪಣಿಯಲ್ಲಿ ಏನೂ ಇರಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಮಾವನವರು ಪುಣೆಗೆ ಬಂದದ್ದು ಅದೇ ವಾರ. ನಾವು ರಾತ್ರಿಯೆಲ್ಲ ಕುಳಿತು ಹಳೆಯ ಷರತ್ತುಗಳನ್ನು ಮತ್ತೆ ಭಾಷಾಂತರ ಮಾಡುತ್ತಿದ್ದುದು ಈ ಕಾರಣಕ್ಕೆ.

ಮಾವನವರು ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕಥೆ ಹೇಳಿದರು.

“ನಾ ಇನ್ನೂ ಕಲಿಯಾಕತ್ತಿದ್ದೆ. ಒಬ್ಬ ರೈತ ಮರಾಠಿ ಕಾಗದ ತಂದ. ಮ್ಯಾಲ ‘ಮುದತ ಖರೀದಿ’ ಅಂತ ಇತ್ತು. ನಾ ಕನ್ನಡದಾಗ ‘ಖರೀದಿ ಪತ್ರ’ ಅಂತ ಬರದೆ. ಎಷ್ಟು ಫರಕ ಗೊತ್ತೇನು? ಮುದತ ಖರೀದಿ ಅಂದ್ರ, ಹೊಲಾ ಮಾರಿದಂಗ ಕಾಣ್ತೈತಿ, ಆದ್ರ ಹೇಳಿದ ಮುದತಿನೊಳಗ ರೊಕ್ಕಾ ಕೊಟ್ರ ಹೊಲಾ ವಾಪಸ್ ಬರಬೇಕು. ಬರೇ ಖರೀದಿ ಅಂದ್ರ ಹೊಲಾ ಹೋತು, ಮುಗೀತು. ಮೂರಕ್ಷರ ಬಿಟ್ಟಿದ್ದೆ ನೋಡು. ಕನ್ನಡ ಛಲೋ ಇತ್ತು, ಅಕ್ಷರ ದುಂಡಗ ಇತ್ತು, ಯಾರು ಓದಿದ್ರೂ ತಪ್ಪು ಕಾಣಂಗಿಲ್ಲ.”

“ಆಮೇಲೆ?”

“ನಮ್ಮ ಗುರುಗಳಿಗೆ ಒಂದು ಪದ್ಧತಿ ಇತ್ತು. ಸಹಿ ಆಗೂಕಿಂತ ಮೊದಲ ತಾಳೆ ನೋಡಬೇಕು. ಒಬ್ಬ ಮೂಲ ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ನಕಲಿನ ಮ್ಯಾಲ ಬಟ್ಟ ಇಡಬೇಕು. ಅವರು ‘ಮುದತ’ ಅಂದ್ರು. ನನ್ನ ಬಟ್ಟ ಇಡಾಕ ಜಾಗಾನ ಇರಲಿಲ್ಲ.”

ಮಾವನವರು ಕನ್ನಡಕ ಒರೆಸಿಕೊಂಡು ಕೇಳಿದರು: “ಹೊಲಾ ಹೋಗಿದ್ರ ತಪ್ಪು ಯಾರದು? ನಂಬಿ ಹೆಬ್ಬಟ್ಟು ಒತ್ತಿದ ರೈತಂದೇನು?”

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋಗಿ ಮೇಲಿನವರಿಗೆ ಬರೆದುಕೊಟ್ಟೆವು: ಷರತ್ತನ್ನು ಬಿಟ್ಟವರು ನಾವು, ಹುಡುಗ ಬರೆದದ್ದು ಸರಿಯಾಗಿದೆ, ಅವನನ್ನು ತಡೆದು ಎಚ್ಚರಿಸಬೇಕಾಗಿದ್ದ ಸಾಲನ್ನು ಭಾಷಾಂತರದಲ್ಲಿ ಕಳೆದದ್ದು ನಮ್ಮ ಕೈ. ಮೇಲಿನವರು ಎರಡು ಮಾತು ಅಂದರು, ಅನ್ನಿಸಿಕೊಂಡೆವು. ಹುಡುಗ ಏನೂ ಅನ್ನಲಿಲ್ಲ. ಮಧ್ಯಾಹ್ನ ತಾನಾಗಿಯೇ ಬಂದು ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತ. ಅಂದಿನಿಂದ ಇಬ್ಬರೂ ಸೇರಿ ತಾಳೆ ನೋಡತೊಡಗಿದೆವು. ಅವನು ಸಿ ಶಾರ್ಪ್ ಓದುವುದು, ನಾವು ಜಾವಾದ ಮೇಲೆ ಬೆರಳಿಡುವುದು.

ಹಾಗೆ ಓದುತ್ತ ಹೋದಂತೆ ನಮ್ಮ ತಪ್ಪುಗಳು ಎರಡು ಬಗೆಯವೆಂದು ತಿಳಿಯಿತು. ಒಂದು, ಸಡಿಲವಾದ ಷರತ್ತು. ‘ಸ್ಟ್ರಕ್ಟ್’ ಎಂಬ ಷರತ್ತು ಹಾಕಿದರೆ ಸಿ ಶಾರ್ಪ್‌ನಲ್ಲಿ ಆ ಜಾಗಕ್ಕೆ ಖಾಲಿತನ ಬರಲಾರದು. ಸಂಖ್ಯೆಯೆಂದರೆ ಸಂಖ್ಯೆಯೇ ಬರಬೇಕು. ಜಾವಾದ ಫಾರ್ಮುಗಳಲ್ಲಿ ಸಂಖ್ಯೆಯನ್ನು ಒಂದು ಹೊದಿಕೆಯೊಳಗಿಟ್ಟು ತರಬೇಕು. ಆ ಹೊದಿಕೆಯ ಜಾಗದಲ್ಲಿ ಏನೂ ಇಲ್ಲದೆಯೂ ಇರಬಹುದು. ಷರತ್ತು ಬರೆಯಲು ಮಾತಿಲ್ಲವೆಂದ ಮೇಲೆ ಬಾಗಿಲಲ್ಲೊಬ್ಬ ಕಾವಲುಗಾರನನ್ನಾದರೂ ನಿಲ್ಲಿಸಬೇಕು. ಹಾಗೆ ಎಂಟು ಕಡೆ ನಿಲ್ಲಿಸಿದೆವು.

ಇನ್ನೊಂದು, ಬಿಗಿಯಾದ ಷರತ್ತು. ಇದನ್ನು ನಮಗೆ ಬಿಡಿಸಿ ಹೇಳಿದವಳು ನಮ್ಮ ಮನೆಯಾಕೆ, ಅದೂ ಅಡಿಗೆಮನೆಯಿಂದ. ಚಕ್ಕುಲಿ ಮಾಡಿದ ದಿನ “ಯಾವ ಡಬ್ಬಿ ಕೊಡಲಿ?” ಎಂದು ಕೇಳಿದೆವು. “ಹಾಕಾಕಾದ್ರ ಚಕ್ಕುಲಿ ಡಬ್ಬಿನೂ ನಡೀತದ, ಕರದ ತಿಂಡಿ ಡಬ್ಬಿನೂ ನಡೀತದ. ಯಾರಿಗರ ಕೊಡಾಕ ಚಕ್ಕುಲಿನ ಬೇಕಂದ್ರ ಮಾತ್ರ ಚಕ್ಕುಲಿ ಡಬ್ಬಿಗೇ ಕೈ ಹಾಕ್ರಿ” ಎಂದಳು. ಹಾಕುವಾಗ ಡಬ್ಬಿ ದೊಡ್ಡ ಕುಲದ್ದಾದರೂ ಆದೀತು. ತೆಗೆಯುವಾಗ ಅದೇ ಕುಲ ಅಥವಾ ಅದರ ಒಳಕುಲವೇ ಬೇಕು. ಸಿ ಶಾರ್ಪ್‌ನಲ್ಲಿ 2010ರಿಂದ ಈ ಮಾತನ್ನು ಇಂಟರ್‌ಫೇಸಿನ ಯಜಮಾನನೇ ತನ್ನ ಬಾಗಿಲ ಮೇಲೆ ‘ಇನ್’, ‘ಔಟ್’ ಎಂದು ಒಂದೇ ಸಲ ಬರೆದಿಡಬಹುದು. ಜಾವಾದಲ್ಲಿ ಯಜಮಾನ ಬರೆಯುವಂತಿಲ್ಲ. ಬಳಸುವವನು ಪ್ರತಿ ಸಲವೂ ‘ಎಕ್ಸ್‌ಟೆಂಡ್ಸ್’ ಅಥವಾ ‘ಸೂಪರ್’ ಎಂದು ತಾನೇ ಬರೆಯಬೇಕು. ಕೊಡುವವನಿಗೆ ಮೊದಲನೆಯದು, ಕೊಳ್ಳುವವನಿಗೆ ಎರಡನೆಯದು ಎಂದು ಜೋಶುವಾ ಬ್ಲಾಕ್ ಅವರು ತಮ್ಮ ‘ಎಫೆಕ್ಟಿವ್ ಜಾವಾ’ ಪುಸ್ತಕದಲ್ಲಿ ನೆನಪಿಗೊಂದು ಸೂತ್ರ ಕೊಟ್ಟಿದ್ದಾರೆ. ನಾವು ಆ ಮಾತನ್ನು ಬಿಟ್ಟಿದ್ದೆವು. ಅದರಿಂದ, ಎಲ್ಲ ಬಗೆಯ ದಾಖಲೆಗಳನ್ನೂ ಹೋಲಿಸಬಲ್ಲ ಒಂದು ತಕ್ಕಡಿಯನ್ನು ತಂದು ‘ಇದರಿಂದ ಪಿಂಚಣಿ ದಾಖಲೆಗಳನ್ನು ತೂಗಿ’ ಎಂದರೆ ನಮ್ಮ ಫಾರ್ಮು ‘ಪಿಂಚಣಿಯದೇ ತಕ್ಕಡಿ ಬೇಕು’ ಎಂದು ಯೋಗ್ಯನನ್ನೂ ಹೊರಗೆ ಕಳಿಸುತ್ತಿತ್ತು. ಇದರಿಂದ ಯಾರ ಪಿಂಚಣಿಯೂ ನಿಲ್ಲಲಿಲ್ಲ, ನಿಜ. ಆದರೆ ಬರಬಾರದವನನ್ನು ಒಳಗೆ ಬಿಡುವುದೂ ಬರಬೇಕಾದವನನ್ನು ಹೊರಗೆ ನಿಲ್ಲಿಸುವುದೂ ಎರಡೂ ಕೆಟ್ಟ ಭಾಷಾಂತರವೇ.

ಇನ್ನು ವ್ಯರ್ಥವೆಂದು ಕಂಡದ್ದನ್ನು ಬಿಡುವಾಗಲೂ ಜಾಗ್ರತೆ ಬೇಕು. ಗುಂಪಿನಲ್ಲಿ ಅತಿ ದೊಡ್ಡದನ್ನು ಆರಿಸಿಕೊಡುವ ‘ಮ್ಯಾಕ್ಸ್’ ಎಂಬುದೊಂದು ಜಾವಾದಲ್ಲಿದೆ. ಅದರ ಷರತ್ತಿನಲ್ಲಿ ‘ಹೋಲಿಸಲು ಬರಬೇಕು’ ಎನ್ನುವುದಕ್ಕೆ ಮೊದಲು ‘ಇದೊಂದು ವಸ್ತುವಾಗಿರಬೇಕು’ ಎಂದಿದೆ. ಅಲ್ಲಿಗೆ ವಸ್ತುವಲ್ಲದ್ದು ಬರುವುದೇ ಇಲ್ಲ. ಹಾಗಾದರೆ ಈ ಮಾತೇಕೆ ಎಂದು ಹುಡುಗ ನಕ್ಕ. ಅಳಿಸಿದ ಮೇಲೆ ಷರತ್ತಿನ ಮೊದಲ ಹೆಸರೇ ಉಳಿಯುತ್ತದೆಂದು ಹೇಳಿದೆವಲ್ಲ? 2004ಕ್ಕೆ ಹಿಂದಿನ ಕಾರ್ಯಕ್ರಮಗಳಿಗೆ ‘ಮ್ಯಾಕ್ಸ್’ನ ಹಳೆಯ ರೂಪವೇ ಪರಿಚಯ, ಆ ರೂಪ ಕೆಡದಿರಲೆಂದು ಹಾಗೆ ಬರೆದಿದ್ದಾರೆ. ಜಾವಾದಿಂದ ಸಿ ಶಾರ್ಪ್‌ಗೆ ಹೋಗುವಾಗ ಆ ಮಾತನ್ನು ಬಿಡಬಹುದು. ಆದರೆ ಏಕಿತ್ತೆಂದು ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ.

ಮುಖ್ಯವಾದ ‘ನ್ಯೂ’ ಷರತ್ತಿಗೆ ಏನು ಮಾಡಿದಿರಿ ಎಂದು ವಾಚಕರು ಕೇಳಬಹುದು. ಫಾರ್ಮಿನ ಅಂಚಿನಲ್ಲಿ ಬರೆಯಲು ಬಾರದ್ದನ್ನು ಕೈಯಲ್ಲಿ ಕೊಡುವಂತೆ ಮಾಡಿದೆವು. ಫಾರ್ಮನ್ನು ಬಳಸುವವನು ಈಗ ಬಗೆಯ ಹೆಸರನ್ನು ಹೇಳಿದರೆ ಸಾಲದು. ಆ ಬಗೆಯ ಹೊಸ ದಾಖಲೆಯನ್ನು ಮಾಡಿಕೊಡುವವನನ್ನೂ ಜೊತೆಗೆ ಕರೆತರಬೇಕು. 2014ರ ಎಂಟನೆಯ ಜಾವಾದಿಂದ ಇಂಥವನಿಗೆ ‘ಸಪ್ಲಾಯರ್’ ಎಂಬ ಹೆಸರಿದೆ. ಬರಿಗೈಯಲ್ಲಿ ಮಾಡಿಕೊಡಲಾರದವನನ್ನು ಕರೆತಂದರೆ ಕಂಪೈಲರ್ ಈಗ ಬಾಗಿಲಲ್ಲಿಯೇ ನಿಲ್ಲಿಸುತ್ತಾನೆ. ಕಳೆದುಹೋದ ಷರತ್ತು ಬೇರೆ ರೂಪದಲ್ಲಿ ಮರಳಿ ಬಂತು. ಕುಟುಂಬ ಪಿಂಚಣಿಗೆ ಮೊದಲು ಸಾಲಿನಿಂದ ಸಂಖ್ಯೆಯನ್ನು ಓದಿ, ಅದನ್ನು ಕೊಟ್ಟು ದಾಖಲೆ ಮಾಡುವ ಬೇರೆ ದಾರಿಯನ್ನು ಹುಡುಗನೇ ಬರೆದ. ನಮಗಿಂತ ಚೆನ್ನಾಗಿ ಬರೆದ.

ಇದನ್ನು ಬರೆಯುವಾಗ ಮತ್ತೊಂದು ವಿಷಯ ನೆನಪಾಗುತ್ತದೆ. ಬೆಳಗಾವಿಯ ನಮ್ಮ ಓಣಿಯಲ್ಲಿ ಮಕ್ಕಳು ಕನ್ನಡ ಕಲಿಯಲೆಂದು ಯಾರೂ ಷರತ್ತು ಹಾಕಲಿಲ್ಲ. ಅಜ್ಜಿ, ಅತ್ತೆ, ಹಾಲಿನವ, ಶಾಲೆಯ ಮಾಸ್ತರರು ಎಲ್ಲರೂ ಸೇರಿ ತಪಾಸಣೆ ಮಾಡುತ್ತಿದ್ದರು. ಪುಣೆಯಲ್ಲಿ ಆ ತಪಾಸಣೆಯಿಲ್ಲ. ಮರಾಠಿ ಸವಿಯಾದ ಭಾಷೆ, ನಮ್ಮ ಮಗಳು ಅದರಲ್ಲಿ ನಗುತ್ತಾಳೆ, ಜಗಳಾಡುತ್ತಾಳೆ. ನಮಗೆ ಅದರಿಂದ ಸಂತೋಷವೇ. ಆದರೆ ಕನ್ನಡವಿಲ್ಲದಿದ್ದರೂ ಇಲ್ಲಿ ಯಾವ ಪರೀಕ್ಷೆಯೂ ಫೇಲಾಗುವುದಿಲ್ಲ, ಅದೇ ಭಯ. ಊರು ಬರೆದುಕೊಡದ ಷರತ್ತನ್ನು ನಾವು ಕೈಯಲ್ಲಿ ಹಿಡಿದು ತರಬೇಕಾಗಿದೆ. ಆ ಎರಡು ತಿಂಗಳು ಮಾವನವರೇ ನಮ್ಮ ಮನೆಯ ಸಪ್ಲಾಯರ್. ದಿನಾ ರಾತ್ರಿ ಮಗಳಿಗೊಂದು ಕಥೆ. ಮುದತ ಖರೀದಿಯ ಕಥೆಯನ್ನಂತೂ ಅವಳು ಮೂರು ಸಲ ಹೇಳಿಸಿಕೊಂಡಳು.

ಮಾವನವರು ಊರಿಗೆ ಹೊರಡುವ ಹಿಂದಿನ ರಾತ್ರಿ ನಾವು ಮತ್ತೆ ಮೇಜಿನ ಮುಂದಿದ್ದೆವು. ಕೊನೆಯ ಕಡತ ಬಾಕಿ ಇತ್ತು. ಅವರು ಕುರ್ಚಿ ಎಳೆದುಕೊಂಡು ಕುಳಿತು, “ಓದು, ನಾ ಬಟ್ಟ ಇಡ್ತೀನಿ” ಎಂದರು. “ಮಾಮಾ, ನಿಮಗ ಇಂಗ್ಲಿಷ್ ಅಕ್ಷರ…” ಎಂದೆವು. “ಅಕ್ಷರ ಗೊತ್ತದಾವು. ಅರ್ಥ ನೀ ನೋಡ್ಕೋ, ಬಿಟ್ಟದ್ದು ನಾ ನೋಡ್ತೀನಿ” ಎಂದರು.

ನಾವು ಮೂಲವನ್ನು ಗಟ್ಟಿಯಾಗಿ ಓದಿದೆವು, ಒಂದೊಂದು ಷರತ್ತಿಗೂ ನಿಂತು. ಅವರ ಬೆರಳು ಪರದೆಯ ಮೇಲೆ ಸಾಲು ಸಾಲಾಗಿ ಇಳಿಯಿತು. ಒಂದು ಕಡೆ ನಿಂತು, “ಇಲ್ಲಿ ಎರಡು ಓದಿದಿ, ನಂಗ ಒಂದ ಕಾಣ್ತೈತಿ” ಎಂದರು. ನೋಡಿದರೆ ಹೌದು, ಒಂದು ಬಿಟ್ಟುಹೋಗಿತ್ತು. ಸೇರಿಸಿದೆವು. ಮತ್ತೆ ಮೊದಲಿನಿಂದ ಓದಿದೆವು. ಬೆರಳು ಕೊನೆಯವರೆಗೆ ಎಲ್ಲಿಯೂ ನಿಲ್ಲದೆ ಇಳಿಯಿತು.

ಮಾವನವರು ಕನ್ನಡಕ ತೆಗೆದು ಮಡಿಸಿ ಇಟ್ಟರು. “ಈಗ ಹಾಕು ಸಹಿ” ಎಂದರು.